ಎದುರಿಗೇ ನುಂಗಿಸೋ ಕೆಲಸ

…ಬೇಡ ಲಕ್ಷ್ಮಿದೇವಮ್ಮ, ಟೀ ಗೀ ಏನೂ ಬೇಡ, ಕೂರೋಕೂ ಟೈಮಿಲ್ಲ. ಯಜಮಾನ್ರು ಎಲ್ಲಿ? ಕೆಲಸಕ್ಕೆ ಹೋದ್ರಾ? ಹೋಗೋಷ್ಟು ಶಕ್ತಿ ಬಂತಲ್ಲ, ಅದೇ ಸಂತೋಷ. ನಾಳೆ ಒಂದಿನ ಮಾತ್ರ ರಜಾ ಹಾಕ್ಸಿ. ನಮ್ಮ ಸಂಸ್ಥೆಗೆ ಸಹಾಯ ಮಾಡೋರು ದೆಹಲಿಯಿಂದ ಬರ್ತಿದಾರೆ. ಟಿಬಿ ವಾಸಿಯಾಗ್ತಿರೋರನ್ನ ಕಣ್ಣಾರೆ ನೋಡ್ಬೇಕಂತೆ. ಇಡೀ ದೊಡ್ಡನೆಕ್ಕುಂದಿಯಿಂದ ನಾನು ಬರೆದುಕೊಟ್ಟಿರೋದು ಒಂದೇ ಹೆಸರು, ನಿಮ್ಮ ಯಜಮಾನ್ರದ್ದು, ಶಿವಪುತ್ರ.

ಯಾಕೆ ಹಂಗೆ ನೋಡ್ತೀರಿ? ಭಾಷಣ ಏನೂ ಬೇಡಪ್ಪ. ಈ ಜಯಮಾಲಾ ಮೇಡಂ ವಾರಕ್ಕೆ ಮೂರು ಸಲ ಬಂದು ಎದುರಿಗೇ ಮಾತ್ರೆ ನುಂಗಿಸಿದ್ರು ಅಂತ ಒಂದು ಮಾತು ಹೇಳಿದ್ರೆ ಸಾಕು. ನನ್ನ ನೌಕರಿ ಆ ಒಂದು ಮಾತಿನ ಮೇಲೆ ನಿಂತಿದೆ.

ತಲೆ ಅಲ್ಲಾಡಿಸ್ಬೇಡಿ ಹಂಗೆ. ಬಂದಿಲ್ವಾ ನಾನು? ಖಾಲಿ ಹೊಟ್ಟೇಲಿ ವಾಂತಿ ಆಗತ್ತೆ ಅಂತ ಬನ್ನು ಕಟ್ಟಿಸ್ಕೊಂಡು ಬರ್ತಿರ್ಲಿಲ್ವಾ? ಆಗ ನಂಗಿದ್ದಿದ್ದು ಇಪ್ಪತ್ತು ಜನ ರೋಗಿಗಳು. ಆಮೇಲೆ ಚಲುವಯ್ಯ ಕೆಲಸ ಬಿಟ್ಟೋದ… ಅದೇ, ಸೈಕಲ್ಲಲ್ಲಿ ಬರ್ತಿದ್ನಲ್ಲ, ನಮ್ಮ ಆಫೀಸಿನೋನು. ಮಾತ್ರೆ ನುಂಗಿಸಿದ ದಿನ ಗೆರೆ ಎಳೀತೀವಲ್ಲ ಕಾರ್ಡು, ರೋಗಿ ಸಿಗದಿದ್ರೆ ಅದರಲ್ಲಿ ಆ ದಿನದ ಚೌಕ ಖಾಲಿ ಬಿಡ್ತಿದ್ದ. ನಿಯತ್ತಿನ ಮನುಷ್ಯ. ಇಂದಿರಾನಗರದ ಮೀಟಿಂಗಲ್ಲಿ ನಮ್ಮ ಸಾಹೇಬ್ರು ಅವನನ್ನ ಎಲ್ಲರ ಮುಂದೆ ನಿಲ್ಲಿಸಿ, "ಜಯಮಾಲಾನ ನೋಡಿ ಕಲೀರಿ, ಅವಳ ಕಾರ್ಡಲ್ಲಿ ಒಂದು ಚೌಕ ಖಾಲಿ ಇಲ್ಲ" ಅಂದ್ರು. ನಂಗೆ ಚಪ್ಪಾಳೆ. ಆಗಿನ್ನೂ ನಿಜವಾಗ್ಲೂ ಹೋಗ್ತಿದ್ದೆ… ಅಂದ್ರೆ, ಈಗ್ಲೂ ಹೋಗ್ತೀನಿ. ಬಗ್ಗಿದೋರಿಗೆ ಒಂದು ಗುದ್ದು ಜಾಸ್ತಿ ಅಂತಾರಲ್ಲ, ಅವನ ರೋಗಿಗಳೂ ನನ್ನ ತಲೆಗೇ ಬಂದ್ರು. ಅರವತ್ತು ಜನ, ಹೊರಮಾವಿನಿಂದ ಇಲ್ಲೀತನಕ, ಒಬ್ಳೇ. ಕಷ್ಟ ಆಗ್ತಿದೆ ಅಂದ್ರೆ, ನಿಂಗೆ ಕೆಲಸ ಬರಲ್ಲ ಅಂತ ಟ್ರೈನಿಂಗಿಗೆ ಕಳಿಸ್ತಾರೆ. ಎಲ್ಲಿ ಸಾಯ್ಲಿ?

ನಗ್ತಿದೀರಾ? ಅಲ್ಲ… ಅಳ್ತಿದೀರಾ?

ಸರಿ, ಮನೆಗೆ ಬರ್ಲಿಲ್ಲ, ಒಪ್ಕೋತೀನಿ. ಅವರು ಕೆಲಸ ಮಾಡೋ ಕಟ್ಟಡಕ್ಕೇ ಹೋಗಿ ನುಂಗಿಸ್ತಿದ್ದೆ. ಇಲ್ನೋಡಿ ಕಾರ್ಡು. ಸೋಮವಾರ, ಬುಧವಾರ, ಶುಕ್ರವಾರ. ನಿನ್ನೆ ಕೂಡ ಹೋಗಿದ್ದೆ. ಕೆಮ್ಮು ಕಮ್ಮಿಯಾಗಿದೆ ಮೇಡಂ ಅಂದ್ರು, ಚೆನ್ನಾಗೇ ಮಾತಾಡಿದ್ರು…

ಬೆರಳು ಯಾಕೆ ತೋರಿಸ್ತೀರಿ? ಮೂರು. ಏನು ಮೂರು? ಮೂರು ದಿನದಿಂದ ಕೆಲಸಕ್ಕೆ ಹೋಗಿಲ್ವಾ? ಬಾಯಿ ಬಿಟ್ಟು ಹೇಳಿ… ಕೈ ಯಾಕೆ ಬೋಳಾಗಿದೆ ಲಕ್ಷ್ಮಿದೇವಮ್ಮ? ಬಳೆ ಎಲ್ಲಿ?

ಕ್ಯಾಲೆಂಡರ್ ಮೇಲೆ ಬೆರಳಿಟ್ಟು ಏನು ಎಣಿಸ್ತಿದೀರಿ… ಮೂರು ವಾರ?

ಅಮ್ಮ, ಮಾತಾಡಿ. ಬೈಯ್ರಿ, ಬೇಕಾದ್ರೆ ಕೆನ್ನೆಗೆ ಎರಡು ಬಿಡಿ. ಹೌದು, ಬಂದಿಲ್ಲ. ಕಟ್ಟಡಕ್ಕೂ ಹೋಗಿಲ್ಲ. ಹದಿನೈದು ದಿನದ ಮಾತ್ರೆ ಅವರ ಕೈಗೆ ಕೊಟ್ಟು ಹೋದೋಳು, ಎರಡು ತಿಂಗಳಿಂದ ಈ ಕಡೆ ತಲೆ ಹಾಕಿಲ್ಲ. ಆಫೀಸಲ್ಲಿ ಡಬ್ಬಿ ಊಟ ಮಾಡ್ತಾ ಈ ಕಾರ್ಡಲ್ಲಿ ಗೆರೆ ಎಳೆದಿದ್ದೀನಿ, ನಿನ್ನೇವರೆಗೂ. ಮೂರು ವಾರ, ವಾರಕ್ಕೆ ಮೂರು… ಒಂಬತ್ತು ಸಲ. ಒಂಬತ್ತು ಸಲ ಅಮ್ಮ, ನಿಮ್ಮ ಗಂಡಂಗೆ ಸತ್ತ ಮೇಲೆ ಮಾತ್ರೆ ನುಂಗಿಸಿದ್ದೀನಿ.