ಬಟ್ಟಲ ಕೆಳಗಿನ ನೋಟು

ಜಪಾನ್ ದೇಶದ ಒಂದು ಸಣ್ಣ ಊರು. ಬೆಳಗಿನ ಹೊತ್ತು ಒಬ್ಬ ಮುದುಕಿ ತನ್ನ ಪುಟ್ಟ ಹೋಟೆಲಿನಲ್ಲಿ ಅಕ್ಕಿ ತೊಳೆಯುತ್ತಿದ್ದಳು. ಇನ್ನೂ ಬಾಗಿಲು ತೆರೆಯುವ ಸಮಯವಲ್ಲ. ಯಾರೋ ದಬದಬ ಬಡಿದರು. ಯಾರಂತೀರಿ? ನಮ್ಮ ಕಡೆಯವನೇ, ಒಬ್ಬ ಶ್ರೀಮಂತ. ಹಿಂದೆ ಹೆಂಡತಿ, ಅವಳ ಹೆಗಲ ಮೇಲೆ ಬಾಡಿದ ಮಗಳು. ಪ್ರವಾಸ ಬಂದವರು, ಮಗುವಿಗೆ ಹಿಂದಿನ ದಿನದಿಂದ ವಾಂತಿ, ಏನೂ ಸೇರದು.

ನೋಡಿ, ಮುದುಕಿಗೆ ಇವರ ಭಾಷೆ ಬಾರದು. ಆದರೆ ಹಸಿದ ಮಗುವಿನ ಮುಖ ಓದಲು ಭಾಷೆ ಬೇಕೆ? ತೊಳೆಯುತ್ತಿದ್ದ ಅಕ್ಕಿಯನ್ನೇ ಗಂಜಿ ಮಾಡಿದಳು. ಆರಿಸಿ ಆರಿಸಿ ತಾನೇ ಕುಡಿಸಿದಳು. ತಾಯಿಯ ಮುಂದೆಯೂ ಒಂದು ಬಟ್ಟಲಿಟ್ಟು, ನೀನೂ ಉಣ್ಣು ಎಂದು ಕಣ್ಣಲ್ಲೇ ಹೇಳಿದಳು. ಆ ತಾಯಿ ಬಟ್ಟಲು ಬರಿದಾಗುವವರೆಗೂ ಉಂಡಳು. ಅವಳನ್ನು ಕೂರಿಸಿ ಹಾಗೆ ಯಾರಾದರೂ ಹೇಳಿ ಎಷ್ಟು ಕಾಲವಾಗಿತ್ತೋ!

ಊಟದ ಬೆಲೆ ಕೊಟ್ಟಾಯಿತು. ಅದರ ಮೇಲೆ ಗಂಡ ಒಂದು ದೊಡ್ಡ ನೋಟನ್ನು ಬಟ್ಟಲ ಕೆಳಗೆ ಸಿಕ್ಕಿಸಿ ಹೊರಟ. ಮುದುಕಿ ಅದನ್ನು ಹಿಡಿದು ಬೀದಿಯವರೆಗೂ ಓಡಿ ಬಂದಳು, ಎರಡೂ ಕೈಯಲ್ಲಿ ಚಾಚಿದಳು.

"ಸಾಲದಂತೆ ಮಹಾರಾಯ್ತಿಗೆ!" ಎಂದು ಅವನು ಇನ್ನೊಂದು ನೋಟು ತೆಗೆದ.

"ರೀ, ಅವರು ಬೇಡ ಅಂತಿದಾರೆ ಕಣ್ರೀ."

"ದುಡ್ಡು ಬೇಡ ಅನ್ನೋರು ಯಾವ ದೇಶದಲ್ಲಿದಾರೆ? ಸುಮ್ನೆ ಬಾ ನೀನು."

ಎರಡನ್ನೂ ಅವಳ ಏಪ್ರನ್ ಜೇಬಿಗೆ ತುರುಕಿದ. ಮುದುಕಿ ತಲೆ ತಗ್ಗಿಸಿ ನಿಂತುಬಿಟ್ಟಳು. ಕಣ್ಣು ತುಂಬಿತ್ತು.

ಇವರು ತಂಗಿದ್ದ ವಸತಿಗೃಹದ ಹುಡುಗಿ ಆಮೇಲೆ ತಿಳಿಸಿದಳು: ಇಲ್ಲಿ ಭಕ್ಷೀಸು ಕೊಡುವ ಪದ್ಧತಿಯಿಲ್ಲ, ಉಂಡವರು 'ಗೋಚಿಸೋಸಮಾ' ಅನ್ನುತ್ತಾರೆ, ಅಷ್ಟೇ. ನಿಮ್ಮ ಶ್ರಮದಿಂದ ತೃಪ್ತಿಯಾಗಿ ಉಂಡೆವು ಎಂಬಂಥ ಮಾತು ಅದು.

"ಒಂದ್ಸಲ ಹೋಗಿ ಹೇಳಿ ಬರೋಣ್ವಾ?" ಎಂದಳು ಹೆಂಡತಿ.

"ಒಂದು ಮಾತಿಗೋಸ್ಕರ ರೈಲು ತಪ್ಪಿಸ್ಕೊಳ್ಳೋಣ್ವಾ?"

ಹೋಗಲಿಲ್ಲ. ಆ ಮಾತು ಅವಳ ಬಾಯಲ್ಲೇ ಉಳಿಯಿತು.

ಅಮ್ಮಂದಿರೇ, ಅಣ್ಣಂದಿರೇ, ನಾವು ಹೋಟೆಲಿನಲ್ಲಿ ಕೂತು "ಏಯ್, ನೀರು!" ಅನ್ನುವುದಿಲ್ಲವೆ? ಏಳುವಾಗ ಚಿಲ್ಲರೆ ಎಸೆದರೆ ಉಂಡ ಋಣ ತೀರಿತೆ? ಹೋದ ಊರಿನ ಪದ್ಧತಿ ಮೊದಲು ಕೇಳಿ ತಿಳಿಯಿರಿ. ಕೊಡುವ ಕಡೆ ಧಾರಾಳವಾಗಿ ಕೊಡಿ, ಅದನ್ನೇ ನಂಬಿ ಬದುಕುವವರೂ ಇದ್ದಾರೆ. ಆದರೆ ಎಲ್ಲೇ ಉಣ್ಣಿ, ಬಡಿಸಿದವರ ಮುಖ ನೋಡಿ "ಹೊಟ್ಟೆ ತುಂಬಿತು" ಎನ್ನಿ. ಇವತ್ತಿನ ಊಟದಿಂದಲೇ ಎನ್ನಿ, ನಿಮ್ಮ ಮನೆಯಲ್ಲೇ ಎನ್ನಿ.

ಮನೆಯಲ್ಲೇಕೆ ಅಂತೀರಾ? ರೈಲು ಹೊರಟಿತು. ತಾಯಿ ಕಿಟಕಿಯ ಕಡೆ ಮುಖ ತಿರುಗಿಸಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆ ಮಗು ಅಪ್ಪನನ್ನು ನೋಡಿತು, ಅಮ್ಮನನ್ನು ನೋಡಿತು, ಕೇಳಿಯೇ ಬಿಟ್ಟಿತು:

"ಅಪ್ಪಾ, ಆ ಅಜ್ಜಿಗೆ ದುಡ್ಡಾದ್ರೂ ಕೊಟ್ಟೆ. ಅಮ್ಮಂಗೆ ಏನು ಕೊಡ್ತೀಯಾ?"