ಅಳುವ ಮುಖ ಒತ್ತಿದವಳು

ಕೋಟೆ ಪಟ್ಟಣದ ಆಸ್ಪತ್ರೆಯಲ್ಲಿ ಮಾತ್ರೆಯ ಸಾಲಿನಲ್ಲಿ ನಿಂತಿದ್ದ ಜವರಪ್ಪನ ಕಿವಿ ಬಾಗಿಲ ಕಡೆಗಿತ್ತು. ಡಾಕ್ಟರು ಹೇಗೆ ನೋಡಿಕೊಂಡರೆಂದು ನಗುವ ಮುಖವನ್ನೋ ಅಳುವ ಮುಖವನ್ನೋ ಒತ್ತಿ ತಿಳಿಸುವ ಹೊಸ ಯಂತ್ರ ಅಲ್ಲಿತ್ತು. ಅದರ ಮುಂದೆ ಚೆನ್ನಿ, ಜೊತೆಗೆ ಮಗಳು ಮಂಗಳಾ.

“ಅಳೋ ಮುಖ ಯಾಕವ್ವ ಒತ್ತಿದೆ? ಡಾಕ್ಟ್ರು ಬೈದ್ರಾ?”

“ಇಲ್ಲ ಕಣ್ ಮಗ. ಕೈ ಇಡ್ಕಂಡು ಮಾತಾಡ್ಸುದ್ರು.”

“ಮತ್ತೆ?”

“ಒಳಗೆ ನಂಗೆ ಅಳು ಬಂದ್ಬುಡ್ತು. ಅದ್ಕೇ ಅದ್ನ ಒತ್ತಿದೆ.”

“ಅದ ಒತ್ತುದ್ರೆ ಡಾಕ್ಟ್ರು ಸರಿಯಿಲ್ಲ ಅಂತ ಆಯ್ತದೆ.”

“ನಗದೇ ಇದ್ದೋಳು ನಗೋದ್ನ ಎಂಗೆ ಒತ್ಲಿ?”

“ಯಾಕೆ ಅಳು ಬಂತು?”

“ನಿದ್ದೆ ಬರಕಿಲ್ಲ ಅಂದೆ. ಮಾತ್ರೆ ಬರಿಯೋದು ಬುಟ್ಟು, ನಿಮ್ ಯಜಮಾನ್ರು ಎಂತೋರು ಅಂತ ಕೇಳುದ್ರು. ಅವ್ರು ತೀರ್ಕಂಡ್ಮೇಲೆ ಯಾರೂ ಅವ್ರ ಮಾತೇ ಎತ್ತಿರ್ನಿಲ್ಲ.”



“ನೀ ಅಳ್ತೀಯ ಅಂತಾನೇ ನಾನು ಎತ್ನಿಲ್ಲ ಕಣವ್ವ.”

“ಗೊತ್ತು ಬುಡು. ನಡಿ, ಬಸ್ಸು ಒಂಟೋಯ್ತದೆ.”

ಮಂಗಳಾ ಕಣ್ಣೊರೆಸಿಕೊಂಡ ಬೆರಳಿನಲ್ಲೇ ನಗುವ ಮುಖವನ್ನು ಒತ್ತಿ, ತಾಯಿಯ ಕೈ ಹಿಡಿದು ಹೊರಟಳು. ಮೆಟ್ಟಿಲಿಳಿಯುವಾಗ ಅವಳು ಅಂದದ್ದೂ ಜವರಪ್ಪನಿಗೆ ಕೇಳಿಸಿತು.

“ಡಾಕ್ಟ್ರುಗೆ ಏಳಿದ್ನೆಲ್ಲ ಬಸ್ಸಲ್ಲಿ ನಂಗೂ ಏಳವ್ವ.”