ಮೂಗಿಲ್ಲದ ರಾಣಿ ರೂಪಾಯಿ

ಒಂದೂರು, ಆ ಊರಿಗೆಲ್ಲ ದೊಡ್ಡವನಾದ ಒಬ್ಬ ಸಾಹುಕಾರ. ಅವನ ಹೆಸರು ಬೇಡ. ಹೆಸರು ಹೇಳಿದರೆ ನೀವು 'ಸದ್ಯ, ನಾನಲ್ಲ' ಅಂತ ಕಾಲು ಚಾಚಿ ಕೂತುಬಿಡ್ತೀರಿ. ಬ್ರಿಟಿಷರ ಕಾಲ ಅದು. ರೂಪಾಯಿ ಅಂದರೆ ಬೆಳ್ಳಿ, ನೋಡಿ, ಒಂದು ತೊಲ ತೂಕದ ಬೆಳ್ಳಿ. ಕಲ್ಲಿನ ಮೇಲೆ ಎಸೆದರೆ ಠಣ್ ಅನ್ನಬೇಕು. ಅನ್ನದಿದ್ದರೆ ಅಂಗಡಿಯವನು ಮುಟ್ಟುತ್ತಿರಲಿಲ್ಲ.

ಸಾಹುಕಾರನಿಗೆ ಆ ರೂಪಾಯಿಗಳಲ್ಲೂ ಮಡಿ ಮೈಲಿಗೆ. ವಿಕ್ಟೋರಿಯಾ ರಾಣಿಯ ರೂಪಾಯಿ ಆದರೆ ಸೈ. ತಲೆ ಮೇಲೆ ಕಿರೀಟ, ಮೈಮೇಲೆ ಒಡವೆ, ಸಾಕ್ಷಾತ್ ಲಕ್ಷ್ಮಿ ಅಂತ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ಅವಳ ಮಗ ಎಡ್ವರ್ಡ್ ರಾಜನಿಗೆ ರೂಪಾಯಿ ಮೇಲೆ ಕಿರೀಟವಿಲ್ಲ. 'ಬೋಳುತಲೆ, ದೇವರ ಮುಂದೆ ಇಡೋದಲ್ಲ' ಅಂದ. ಆಮೇಲೆ ಐದನೇ ಜಾರ್ಜ್ ರಾಜ ಬಂದ. ಅವನ ನಿಲುವಂಗಿಯ ಮೇಲೆ ಒಂದು ಪುಟಾಣಿ ಆನೆ. ಅದು ಹಂದಿ ಹಾಗೆ ಕಾಣುತ್ತೆ ಅಂತ ದೇಶದಲ್ಲಿ ಗದ್ದಲವೆದ್ದು, ಸರ್ಕಾರ ಅಚ್ಚನ್ನೇ ಬದಲಾಯಿಸಬೇಕಾಯಿತು. ಇದು ಕಥೆಯಲ್ಲ, ನಡೆದದ್ದು. ನಮ್ಮ ಸಾಹುಕಾರನೂ ಆ ರೂಪಾಯಿಯನ್ನು ಬಿಸಿಲಿಗೆ ಹಿಡಿದು, 'ಥೂ, ಹಂದಿಯೇ' ಅಂತ ಆಚೆ ತಳ್ಳಿದ. ಸಾಸಿವೆ ಕಾಳಿನಷ್ಟು ಆನೆ, ಅದರ ಸೊಂಡಿಲು ಗಿಡ್ಡ ಅಂತ ಕಂಡುಹಿಡಿದ ಮಹಾನುಭಾವ. ಎಂಥ ಕಣ್ಣು ನೋಡಿ ಅವನದು!

ಮನೆಯಲ್ಲಿ ಹೆಂಡತಿ ಇದ್ದಳು. ವರ್ಷ ಕಳೆದಂತೆ ಅವಳ ಕಣ್ಣಲ್ಲಿ ಪೊರೆ ಬೆಳೀತಾ ಬಂತು. ಅದು ಮಾತ್ರ ಇವನಿಗೆ ಕಾಣಲಿಲ್ಲ.

ಪೂಜೆಗೆ ಅಂತ ಒಂದು ತಪ್ಪಲೆ ತುಂಬ ರಾಣಿ ರೂಪಾಯಿ ಇಟ್ಟಿದ್ದ. ಪ್ರತಿ ಶುಕ್ರವಾರ ಅವನ್ನು ತೊಳೆದು, ಲಕ್ಷ್ಮಿಯ ಮುಂದೆ ಗುಡ್ಡೆ ಹಾಕಬೇಕು. ಆಳುಕಾಳು ಮುಟ್ಟಬಾರದು, ಕದ್ದುಬಿಟ್ಟಾರು. ಯಾರು ತೊಳೀಬೇಕು? ಹೆಂಡತಿ. ಸ್ನಾನ ಮಾಡಿ, ಒದ್ದೆ ಕೂದಲಲ್ಲಿ ಕೂತು, ಹುಣಸೆಹಣ್ಣು ಇಟ್ಟಿಗೆ ಪುಡಿ ಹಾಕಿ ಒಂದೊಂದೇ ಉಜ್ಜಬೇಕು. ಒಂದು ದಿನ ಅವಳು ಅಂದಳು: "ರೀ, ನನಗೆ ಮಂಜು ಮಂಜಾಗಿ ಕಾಣ್ತದೆ. ಮಿಷನ್ ಆಸ್ಪತ್ರೆ ಡಾಕ್ಟರಮ್ಮ ಪೊರೆ ತೆಗೀತಾರಂತೆ. ಗಾಡಿ ಬಾಡಿಗೆ, ಅಲ್ಲಿ ಉಳ್ಕೊಳ್ಳೋ ಖರ್ಚು, ಎಲ್ಲ ಸೇರಿ ಮೂವತ್ತು ರೂಪಾಯಿ ಆಗಬಹುದು. ತಪ್ಪಲೇಲಿ ಇದೆಯಲ್ಲ..."

ಸಾಹುಕಾರ ಹೌಹಾರಿಬಿಟ್ಟ. "ಪೂಜೆ ದುಡ್ಡಿಗೆ ಕೈ ಹಾಕ್ತೀಯಾ? ಲಕ್ಷ್ಮೀನ ಹೊಸಿಲು ದಾಟಿಸ್ತೀಯಾ? ವಯಸ್ಸಾದ ಮೇಲೆ ಯಾರಿಗೆ ಮಂಜು ಕಾಣಲ್ಲ? ನನಗೂ ಕಾಣ್ತದೆ!" ಸುಳ್ಳು. ಹಂದಿ ಕಂಡಿತ್ತಲ್ಲ!

ಅವಳು ಸುಮ್ಮನಾದಳು. ನಮ್ಮ ಹೆಣ್ಣುಮಕ್ಕಳಿಗೆ ಅದೊಂದು ಅಭ್ಯಾಸ. ಮುಂದಿನ ಶುಕ್ರವಾರ ನಾಲ್ಕು ರೂಪಾಯಿಯಲ್ಲಿ ಕಲೆ ಉಳಿಯಿತು. "ಇದೇನು ತೊಳೆದಿರೋದು? ದೇವರಿಗೆ ಮಾಡೋ ಕೆಲಸದಲ್ಲೂ ಕಳ್ಳಬೀಳ್ತೀಯಾ?" ಅಂತ ಬೈದ. ಪಾಪ, ಕಣ್ಣು ಕಾಣದವಳು ಏನು ಮಾಡಬೇಕು, ಹೇಳಿ? ಬೆರಳಿನಿಂದ ಸವರಿ ನೋಡೋಕೆ ಶುರು ಮಾಡಿದಳು. ಬೆರಳಿಗೆ ತರಿತರಿ ತಗುಲಿದರೆ ಇನ್ನೂ ಕೊಳೆ ಇದೆ ಅಂತ ಮತ್ತೆ ಉಜ್ಜಿದಳು. ಬೈಸಿಕೊಳ್ಳೋ ಭಯಕ್ಕೆ ಮತ್ತೂ ಉಜ್ಜಿದಳು. ಹೀಗೆ ಹನ್ನೆರಡು ವರ್ಷ. ಅವಳ ಬೆರಳಿಗೆ ತಗುಲುತ್ತಿದ್ದದ್ದು ಕೊಳೆಯಲ್ಲ, ರಾಣಿಯ ಮೂಗು. ರಾಣಿಯ ಕಿರೀಟ. ಇವನು ಎದುರಿಗೇ ಮಣೆ ಹಾಕಿ ಕೂತಿರುತ್ತಿದ್ದ. ಹೊಳೆಯುತ್ತಾ ಇಲ್ವಾ, ಅಷ್ಟೇ ನೋಡಿದ. ಹೊಳೀತಿತ್ತು.

ಎರಡನೇ ಮಹಾಯುದ್ಧ ಬಂತು. ಬೆಳ್ಳಿ ಸಾಲದಾಯಿತು. ರಾಣಿ ರೂಪಾಯಿ ಇನ್ನು ನಡೆಯೋದಿಲ್ಲ, ಇಂಥ ದಿನದೊಳಗೆ ಖಜಾನೆಗೆ ತಂದುಕೊಟ್ಟು ಬೇರೆ ರೂಪಾಯಿ, ಇಲ್ಲ ನೋಟು ತಗೊಂಡು ಹೋಗಿ ಅಂತ ಊರೂರಿಗೆ ಸುದ್ದಿ ಬಂತು. ಬರೀ ಬೆಳ್ಳಿಯಾಗಿ ಮಾರಿದರೆ ರೂಪಾಯಿಗೆ ಹತ್ತಾಣೆ ಹುಟ್ಟೋದು ಕಷ್ಟ. ಈಗ ಸಾಹುಕಾರನ ಲಕ್ಷ್ಮಿ ಹೊಸಿಲು ದಾಟಿದಳು! ದಾಟಬಾರದು ಅಂದಿದ್ದವನೇ ಗಾಡಿಗೆ ಹುಲ್ಲು ಹಾಸಿ, ಮೇಲೆ ಕಂಬಳಿ ಹಾಸಿ, ತಪ್ಪಲೆಯನ್ನು ತೊಡೆ ಮೇಲೆ ಇಟ್ಟುಕೊಂಡು ಹೋದ. ಹೆಂಡತಿಗೆ ಕಟ್ಟದ ಗಾಡಿ ತಪ್ಪಲೆಗೆ ಕಟ್ಟಿದ.

ಖಜಾನೆ ಗುಮಾಸ್ತ ಒಂದು ರೂಪಾಯಿ ಎತ್ತಿಕೊಂಡ. ತಿರುಗಿಸಿ ಮುರುಗಿಸಿ ನೋಡಿದ. "ಇದ್ಯಾರು ಸಾಹುಕಾರ್ರೇ?"

"ರಾಣಿ, ಸ್ವಾಮಿ."

"ಮೂಗೆಲ್ಲಿ? ಕಿರೀಟ ಎಲ್ಲಿ?" ತಕ್ಕಡಿಗೆ ಹಾಕಿದ. ತೂಕ ಇಲ್ಲ. ಇನ್ನೊಂದು, ಮತ್ತೊಂದು, ಎಲ್ಲ ಹಪ್ಪಳ. "ಬೆಳ್ಳಿ ಕೆರೆದುಕೊಂಡು ಸರ್ಕಾರಕ್ಕೆ ಟೋಪಿ ಹಾಕೋಕೆ ಬಂದಿದ್ದೀರಾ? ಪೊಲೀಸ್ರನ್ನ ಕರೆಸಲಾ?"

ಸಾಹುಕಾರ ಕೈ ಮುಗಿದ. "ಅಯ್ಯೋ ಇಲ್ಲ ಸ್ವಾಮಿ, ದೇವರಾಣೆಗೂ ಕೆರೆದಿಲ್ಲ! ನನ್ನ ಹೆಂಡತಿ ಪೂಜೆಗೆ ಅಂತ ಉಜ್ಜಿದ್ದು!"

ಗುಮಾಸ್ತ ಸಿಟ್ಟಿನಲ್ಲಿ ಕೇಳಿದ, "ಹೀಗೆ ಉಜ್ಜೋದಾ? ನಿಮ್ಮ ಹೆಂಡತಿಗೆ ಕಣ್ಣು ಕಾಣಲ್ವಾ?"

ಏನು ಹೇಳಬೇಕು ಅವನು? ಹೇಳಿ, ಏನು ಹೇಳಬೇಕು? ಮತ್ತೆ ಎಲ್ಲೂ ನಡೆಯದ ಹಾಗೆ ಅಷ್ಟೂ ರೂಪಾಯಿಯನ್ನು ಕತ್ತರಿಯಿಂದ ಎರಡು ತುಂಡು ಮಾಡಿ, ಬೆಳ್ಳಿ ಚೂರು ಅಂತ ಅವನ ಉಡಿಗೇ ಸುರಿದರು.

ಆವಾಗ ಬುದ್ಧಿ ಬಂತಂತೆ. ಚೂರು ಮಾರಿ, ಹೆಂಡತಿಯನ್ನು ಕರಕೊಂಡು ಆಸ್ಪತ್ರೆಗೆ ಓಡಿದ. ಡಾಕ್ಟರಮ್ಮ ರೆಪ್ಪೆ ಎತ್ತಿ ನೋಡಿ, "ತಡವಾಯ್ತು. ಪೊರೆ ಬಲಿತು ಒಳಗಿನ ನರವೇ ಹೋಗಿದೆ" ಅಂದರು. "ಎಷ್ಟಾದರೂ ಕೊಡ್ತೀನಿ ತಾಯಿ" ಅಂದ. "ಮಂಜು ಕಂಡಾಗಲೇ ಬಂದಿದ್ದರೆ ಮೂವತ್ತು ರೂಪಾಯಿ ಸಾಕಿತ್ತು. ಇವತ್ತು ಯಾವ ರಾಜನ ರೂಪಾಯಿ ತಂದರೂ ಆಗೋದಿಲ್ಲ" ಅಂದರು. ಹೆಂಡತಿ ಗೋಡೆ ಹಿಡಿದು ಎದ್ದು ನಿಂತಳು. "ಹೋಗಲಿ ಬಿಡಿ. ಶುಕ್ರವಾರ ಉಜ್ಜೋ ಕೆಲಸ ಒಂದು ತಪ್ಪಿತಲ್ಲ" ಅಂದಳು.

ಅಲ್ಲಿ ಹಿಂದಿನ ಸಾಲಿನಲ್ಲಿ ಯಾರೋ ಲೊಚ್ಚಗುಟ್ಟಿದಿರಿ. ಯಾರಿಗೆ ಲೊಚ್ಚಗುಟ್ಟಿದ್ದು? ಸತ್ತು ಎಷ್ಟೋ ವರ್ಷವಾದವಳಿಗೋ? ಹೋದ ತಿಂಗಳು ನಿಮ್ಮಲ್ಲೇ ಒಬ್ಬರು ಮಠಕ್ಕೆ ನನಗೆ ಅಂತ ಬೆಳ್ಳಿ ಪಾದುಕೆ ತಂದರು. ಹಿಂದೆ ಅವರ ಧರ್ಮಪತ್ನಿ, ಮಂಡಿ ಬಗ್ಗದೆ, ಒಂದೊಂದು ಮೆಟ್ಟಿಲಿಗೂ ನಿಂತು ನಿಂತು ಬಂದರು. "ಕಾಲಿಗೆ ಏನಾಯ್ತಮ್ಮ?" ಅಂದೆ. "ಏನಿಲ್ಲ ಬುದ್ಧಿ" ಅಂದರು. "ಅದು ಯಾವಾಗಲೂ ಇದ್ದದ್ದೇ" ಅಂದರು ಯಜಮಾನರು, ಪಾದುಕೆ ಒರೆಸುತ್ತಾ! ನನ್ನ ಕಾಲು ಗಟ್ಟಿಯಾಗಿದೆಯಪ್ಪಾ. ನನಗ್ಯಾಕೆ ಬೆಳ್ಳಿ? ಎತ್ತಿಕೊಂಡು ಹೋಗು, ಮಾರು, ಆ ತಾಯಿಯ ಮಂಡಿ ಡಾಕ್ಟರಿಗೆ ತೋರಿಸು ಅಂತ ವಾಪಸ್ ಕಳಿಸಿದೆ. ಮುಖ ಊದಿಸಿಕೊಂಡು ಹೋದರು. ಇವತ್ತು ಸಭೆಗೆ ಬಂದಿಲ್ಲ. ಬರದಿದ್ದರೆ ನಷ್ಟವೂ ಇಲ್ಲ.

ನಿಮ್ಮ ಮನೆ ದೇವರಕೋಣೆ ಫಳಫಳ ಅಂತದೆ, ಗೊತ್ತು. ಫೋಟೋ ತೆಗೆದು ನನಗೂ ಕಳಿಸ್ತೀರಿ. ಆ ಬೆಳ್ಳಿ ಉಜ್ಜಿದ ಕೈಯ ಫೋಟೋ ಒಬ್ಬರೂ ಕಳಿಸಿಲ್ಲ. ಆ ಕೈ ಬಿರುಕು ಬಿಟ್ಟಿದೆಯೋ, ನಡುಗುತ್ತಿದೆಯೋ, ನಿಮಗೆ ಗೊತ್ತೇ?

ಆದ್ದರಿಂದ ಮಂಗಳಾರತಿ ತಗೊಂಡು ನೇರ ಮನೆಗೆ ಹೋಗಿ. ಹೆಂಡತಿಯನ್ನೋ ತಾಯಿಯನ್ನೋ ಎದುರಿಗೆ ಕೂರಿಸಿಕೊಂಡು, "ನಿನಗೆ ಎಲ್ಲಿ ನೋವು?" ಅಂತ ಕೇಳಿ. "ಎಲ್ಲೂ ಇಲ್ಲ" ಅಂತಾರೆ. ನಂಬಬೇಡಿ, ಮತ್ತೆ ಕೇಳಿ. ತಾಯಂದಿರೇ, ನೀವೂ ಅಷ್ಟೇ, ಬಾಯಿ ಬಿಟ್ಟು ಹೇಳಿ. ಬರೋ ಶುಕ್ರವಾರ ಪೂಜೆ ಆಗದಿದ್ದರೆ ಬಿಡಿ, ದೀಪ ಹಚ್ಚಿ ಕೈ ಮುಗಿದು ಆಸ್ಪತ್ರೆಗೆ ಹೊರಡಿ. ಲಕ್ಷ್ಮಿ ಕೋಪ ಮಾಡಿಕೊಂಡರೆ ನನ್ನ ಹೆಸರು ಹೇಳಿ.